ಕೋಟು ತೊಟ್ಟ ಅಪ್ಪ ಗೇಟಿಗೆ ಬರುವುದಿಲ್ಲ

ಸ್ವಲ್ಪ ನಿಲ್ಲಿ. ಬೆರಳಿನಿಂದ ಸರಿಸಿ ಮುಂದಕ್ಕೆ ಹೋಗಿಬಿಡಬೇಡಿ. ಒಂದು ನೀಲಿ ಕೋಟಿನ ವಿಷಯ ಹೇಳುವುದಿದೆ, ಅದು ಬರುವವರೆಗೆ ಕಾಯಿರಿ. ಕೋಟು ಬಂದಾಗ ನಿಮಗೆ ನಗು ಬರಬಹುದು. ನನಗೂ ಮೊದಲು ನಗುವೇ ಬಂದದ್ದು. ಆಮೇಲೆ ಬಂದದ್ದು ಹೇಸಿಗೆ, ಅದು ಇನ್ನೂ ಹೋಗಿಲ್ಲ.

ನಾನು ಕಲಬುರಗಿಯ ಸ್ಟೇಶನ್ ಬಜಾರದ ಒಂದು ಫೋಟೊ ಸ್ಟುಡಿಯೋದಲ್ಲಿ ಕೆಲಸ ಮಾಡುವ ಹುಡುಗಿ. ಫೋಟೊ ತೆಗೆಯುವುದು, ಕಂಪ್ಯೂಟರಿನಲ್ಲಿ ಅದನ್ನು ತಿದ್ದುವುದು, ಎರಡೂ ಮೊಬೈಲ್ ನೋಡಿ ಕಲಿತದ್ದು. ಸಮಾಜಶಾಸ್ತ್ರವೂ ಹಾಗೆಯೇ. ಊಟದ ಹೊತ್ತಿಗೆ ಡಬ್ಬಿ ಬಿಚ್ಚಿಕೊಂಡು, ಕಿವಿಗೆ ವೈರು ಸಿಕ್ಕಿಸಿಕೊಂಡು ಪಾಠ ಕೇಳುವ ಹುಚ್ಚು ನನಗೆ. ಯಾರೂ ಕೇಳು ಅಂದಿಲ್ಲ, ಪರೀಕ್ಷೆಯೂ ಇಲ್ಲ. ಆ ದಿನಗಳಲ್ಲಿ ಕುಟುಂಬದ ಪಾಠ ನಡೆದಿತ್ತು. ಕುಟುಂಬವನ್ನು ಒಂದು ಯಂತ್ರದ ಹಾಗೆ ನೋಡುವವರಿದ್ದಾರಂತೆ: ಅಪ್ಪನಿಗೊಂದು ಕೆಲಸ, ಅಮ್ಮನಿಗೊಂದು ಕೆಲಸ, ಎಲ್ಲ ಸೇರಿ ಸಮಾಜ ನಡೆಯುತ್ತದೆ. ಆ ಯಂತ್ರ ಯಾರ ಬೆವರಿನಿಂದ ಓಡುತ್ತದೆ, ಯಾರ ಮಾತು ನಡೆಯುತ್ತದೆ ಎಂದು ಕೇಳುವವರೂ ಇದ್ದಾರಂತೆ. ಇನ್ನು ಕೆಲವರು ಇವೆರಡನ್ನೂ ಪಕ್ಕಕ್ಕಿಟ್ಟು, ನಿಮ್ಮ ಮನೆಯವರು ಯಾರು ಅಂತ ಆ ಮನೆಯಲ್ಲಿ ಇರುವವರನ್ನೇ ಕೇಳಿ, ದಿನಾ ಯಾರು ಯಾರಿಗೆ ಏನು ಮಾಡುತ್ತಾರೆ ಅಂತ ನೋಡಿ, ಅಷ್ಟೇ ಅನ್ನುತ್ತಾರೆ. ನನಗೆ ಇದು ಬಹಳ ಹಿಡಿಸಿತು. ಕಂಡಕಂಡವರಿಗೆಲ್ಲ ಹೇಳುತ್ತಿದ್ದೆ. ನಮ್ಮ ಮಾಲಕರು ಮಾತ್ರ, "ಏ ಮಾರಾಯ್ತಿ, ಮೊದಲು ಆ ಪಾಸ್‌ಪೋರ್ಟ್ ಫೋಟೋ ಕಟ್ ಮಾಡಿ ಕೊಡು, ಗಿರಾಕಿ ನಿಂತಾನ" ಅಂತಿದ್ದರು.

ಅಂಥ ಹೊತ್ತಿಗೆ ಕಮಲಾಪುರದ ಒಂದು ಖಾಸಗಿ ಶಾಲೆಯಿಂದ ಕೆಲಸ ಬಂತು. ಶಾಲೆಯಲ್ಲಿ ಕುಟುಂಬ ದಿನ ಮಾಡುತ್ತಾರೆ, ಪ್ರತಿ ಮಗುವಿನ ಕುಟುಂಬದ ಫೋಟೊ ತೆಗೆದು, ಫ್ರೇಮ್ ಹಾಕಿಸಿ ಹಾಲಿನ ಗೋಡೆಗೆ ತೂಗು ಹಾಕುತ್ತಾರೆ. ಕೇಳಿ ನನಗೆ ಕುಣಿಯುವಷ್ಟು ಖುಷಿ. ಕಿವಿಯಲ್ಲಿ ಕೇಳಿದ ಪಾಠ ಕಣ್ಣಿಗೇ ಕಾಣುತ್ತದಲ್ಲ! ದೊಡ್ಡ ಕುಟುಂಬಗಳು ಹಿಡಿಸಲಿ ಅಂತ ಅಗಲವಾದ ಹಿನ್ನೆಲೆ ಪರದೆ ತೆಗೆದಿಟ್ಟುಕೊಂಡೆ, ಎರಡು ಕೊಡೆ ಲೈಟು, ಒಂದು ಎತ್ತರದ ಸ್ಟೂಲು.

ಆ ಅಗಲ ಪರದೆಯನ್ನು ಬಿಚ್ಚುವ ಪ್ರಸಂಗವೇ ಬರಲಿಲ್ಲ.

ಶಾಲೆಯ ಮ್ಯಾನೇಜರ್ ಇಸ್ತ್ರಿ ಮುರಿಯದ ಬಿಳಿ ಅಂಗಿಯ ಮನುಷ್ಯ. ನಾವು ಹಾಲಿನೊಳಗೆ ಲೈಟು ಇಳಿಸುತ್ತಿರುವಾಗಲೇ ಬಂದು ಮಾಲಕರಿಗೆ ಹೇಳಿದರು:

"ಫಾರ್ಮ್ಯಾಟ್ ಒಂದೇ ಇರಬೇಕ್ರಿ. ತಂದಿ ಎಡಕ್ಕ, ತಾಯಿ ಬಲಕ್ಕ, ಮಕ್ಕಳು ಮುಂದ. ಅಜ್ಜ, ಅಜ್ಜಿ, ಕಾಕಾ, ಅತ್ತಿ ಯಾರೂ ಬ್ಯಾಡ. ಸಾಲಾಗಿ ಹಚ್ಚಿದ್ರ ಚಂದ ಕಾಣಬೇಕು."

"ಆಯ್ತು ತಗೋರಿ ಸರ್," ಅಂದರು ಮಾಲಕರು.

"ಇದೇ ಫೋಟೋ ಸಣ್ಣದು ಮಾಡಿ ಗೇಟ್ ಕಾರ್ಡಿಗೂ ಹಾಕ್ರಿ. ಇನ್ನಮ್ಯಾಗ ಶಾಲಿ ಬಿಟ್ಟಾಗ ಕಾರ್ಡಿನ್ಯಾಗ ಇದ್ದವರ ಕೈಗೇ ಮಕ್ಕಳಿಗಿ ಬಿಡೋದು. ಯಾರರೇ ಬಂದು ಕರಕೊಂಡ ಹೋದ್ರ ಯಾರು ಜವಾಬ್ದಾರಿ?"

ಮಕ್ಕಳ ಸುರಕ್ಷತೆಯ ಮಾತು, ನಾನೂ ತಲೆ ಆಡಿಸಿದೆ. ಆ ಗೇಟ್ ಕಾರ್ಡನ್ನು ನೆನಪಿಟ್ಟುಕೊಳ್ಳಿ.

ಮೊದಲ ಜಗಳ ಒಬ್ಬ ಅಜ್ಜಿಯದು. ಮಗ, ಸೊಸೆ, ಮೊಮ್ಮಗನ ಜೊತೆ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು, ಸೆರಗಿನಲ್ಲಿ ಕೆಂಪು ಬಾಳೆಹಣ್ಣು ಕಟ್ಟಿಕೊಂಡಿದ್ದಳು, ಫೋಟೊ ತೆಗೆಯುವವರಿಗೆ ಕೊಡಲು. ಮ್ಯಾನೇಜರ್, "ಅಜ್ಜಿ, ನೀವು ಸ್ವಲ್ಪ ಆ ಕಡಿ ನಿಂದರ್ರಿ" ಅಂದರು.

"ಯಾಕಪಾ?"

"ತಂದಿ ತಾಯಿ ಅಷ್ಟೇ ಫೋಟೋದಾಗ."

"ಆ ತಂದಿಗಿ ಹಡೆದಾಕಿ ನಾನೇ ಅದೀನಿ. ನಾ ಇದ್ದಿಲ್ಲಂದ್ರ ನಿನ್ನ ಫೋಟೋದಾಗ ಯಾರೂ ಇರ್ತಿದ್ದಿಲ್ಲ."

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅಜ್ಜಿ ನಗಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತಳು. ಬಾಳೆಹಣ್ಣನ್ನು ನನಗೆ ಕೊಟ್ಟೇ ಹೋದಳು, ಅದು ನನಗೆ ಇನ್ನೂ ಕೆಟ್ಟದ್ದು ಅನ್ನಿಸಿತು.

ಸಾಲು ಮುಂದೆ ಸಾಗಿದ ಹಾಗೆ, ಅಪ್ಪ ಇಲ್ಲದವರು, ಅಮ್ಮ ಇಲ್ಲದವರು ಬರತೊಡಗಿದರು. ನಾನಂದುಕೊಂಡದ್ದಕ್ಕಿಂತ ಹೆಚ್ಚು. ಸತ್ತವರು, ಬಿಟ್ಟು ಹೋದವರು, ದುಡಿಯಲು ದೇಶ ಬಿಟ್ಟವರು. ಮ್ಯಾನೇಜರ್ ಎಲ್ಲರಿಗೂ ಒಂದೇ ಮಾತು ಹೇಳಿದರು: "ಹಳಿ ಫೋಟೋ ಇದ್ರ ಇವರ ಮೊಬೈಲಿಗಿ ಕಳಸ್ರಿ. ಸ್ಟುಡಿಯೋದಾಗ ಹಚ್ಚಿ ಕೊಡ್ತಾರ." ಹರಿದ ಅಂಗಿಗೆ ತೇಪೆ ಹಚ್ಚುವ ಹಾಗೆ.

ಆಮೇಲೆ ಆ ಇಬ್ಬರು ಹೆಂಗಸರು ಬಂದರು, ನಡುವೆ ನಾಲ್ಕನೇ ಕ್ಲಾಸಿನ ಹುಡುಗಿ. ಒಬ್ಬಾಕೆಯ ಮುಂಗೈ ತುಂಬ ಹಂಚಿನ ಸುಟ್ಟ ಕಲೆ, ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ಇನ್ನೊಬ್ಬಾಕೆ ಸ್ವಲ್ಪ ಚಿಕ್ಕವಳು, ನೆಹರು ಗಂಜಿನ ದಾಲ್ ಮಿಲ್ಲಿನಲ್ಲಿ ಬೇಳೆ ಹಸನು ಮಾಡುವ ಕೆಲಸ, ಬೆಳಿಗ್ಗೆ ಬಸ್ಸಿಗೆ ಕಲಬುರಗಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಆ ದಿನ ರಜೆ ಹಾಕಿ ಬಂದಿದ್ದಳು. ಹುಡುಗಿ ದೊಡ್ಡಾಕೆಯನ್ನು ದೊಡ್ಡವ್ವ ಅನ್ನುತ್ತಿದ್ದಳು, ಚಿಕ್ಕಾಕೆಯನ್ನು ಅವ್ವ.

ಹೊಸ ಗುಂಪು ನಿಂತಾಗ ಬೆಳಕು ಸರಿಯಾಗಿ ಬೀಳುತ್ತದೋ ಇಲ್ಲವೋ ಅಂತ ಮೊದಲು ಒಂದು ಫೋಟೊ ತೆಗೆದು ನೋಡುವುದು ನನ್ನ ಅಭ್ಯಾಸ. ಬೆಳಕಿನ ಪರೀಕ್ಷೆ, ಅಷ್ಟೇ. ಮೂವರನ್ನೂ ನಿಲ್ಲಿಸಿದೆ. ಹುಡುಗಿಯ ಎರಡು ಜಡೆ ಭುಜದ ಹಿಂದೆ ಹೋಗಿದ್ದವು. ಒಂದನ್ನು ದೊಡ್ಡವ್ವ ಮುಂದೆ ಎಳೆದಳು, ಅದೇ ಹೊತ್ತಿಗೆ ಇನ್ನೊಂದನ್ನು ಅವ್ವ ಎಳೆದಳು, ಹುಡುಗಿ "ಆಂ!" ಅಂದಳು, ಮೂವರೂ ನಕ್ಕರು. ಕ್ಲಿಕ್.

ಅಷ್ಟರಲ್ಲಿ ಮ್ಯಾನೇಜರ್ ಬಂದರು.

"ಇವರಾಗ ತಾಯಿ ಯಾರು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕಾಕೆ ಹೇಳಿದಳು: "ಹಡೆದಾಕಿ ನಾನ್ರಿ. ಬೆಳಸ್ಲಾಕತ್ತಾಕಿ ಇಕಿ."

"ಇವರು ನಿಮಗೇನಾಗಬೇಕು?"

ಇದಕ್ಕೆ ಉತ್ತರ ಕೊಟ್ಟದ್ದು ದೊಡ್ಡವ್ವ, ಉಪ್ಪಿಗೆ ಉಪ್ಪು ಅನ್ನುವಷ್ಟು ಸಹಜವಾಗಿ: "ಸವತಿ ಆಗಬೇಕ್ರಿ. ಗಂಡ ಇಬ್ಬರಿಗೂ ಬಿಟ್ಟು ಹೋದ. ನಾವು ಒಬ್ಬರಿಗೊಬ್ಬರು ಬಿಟ್ಟಿಲ್ಲ."

ಆಮೇಲೆ ತಿಳಿದದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆತ ಮೊದಲು ದೊಡ್ಡವ್ವನನ್ನು ಮದುವೆಯಾದ. ಮಕ್ಕಳಾಗಲಿಲ್ಲ ಅಂತ ಚಿಕ್ಕಾಕೆಯನ್ನು ತಂದ. ಹುಡುಗಿ ಹುಟ್ಟಿ ಅಂಬೆಗಾಲಿಡುವ ಹೊತ್ತಿಗೆ ಹೈದರಾಬಾದಿಗೆ ಕೆಲಸಕ್ಕೆ ಅಂತ ಹೋಗಿ, ಅಲ್ಲಿ ಮತ್ತೊಂದು ಮನೆ ಮಾಡಿದ. ಈ ಇಬ್ಬರೂ ಒಂದೇ ಮನೆ, ಒಂದೇ ಒಲೆ ಇಟ್ಟುಕೊಂಡು ಉಳಿದರು. ಒಬ್ಬಳು ಹೊರಗೆ ದುಡಿಯುತ್ತಾಳೆ, ಒಬ್ಬಳು ರೊಟ್ಟಿ ಬಡಿದು, ಮಗುವಿಗೆ ಉಣ್ಣಿಸಿ, ಶಾಲೆಗೆ ಬಿಟ್ಟು, ಕರೆದುಕೊಂಡು ಬರುತ್ತಾಳೆ. ನಾನು ಕಿವಿಯಲ್ಲಿ ಕೇಳುತ್ತಿದ್ದ ಪಾಠ ಸೀರೆ ಉಟ್ಟು ಎದುರಿಗೆ ನಿಂತಿತ್ತು.

ಮ್ಯಾನೇಜರ್ ಬಾಯಿಗೆ ಕಲ್ಲು ಸಿಕ್ಕವರ ಹಾಗೆ ಮುಖ ಮಾಡಿದರು. "ಛೀ, ಮಕ್ಕಳ ಮುಂದ ಇಂಥಾವೆಲ್ಲಾ ಯಾಕ ಮಾತಾಡ್ತೀರಿ? ನೀವು ಈ ಕಡಿ ಬರ್ರಿ. ತಾಯಿ ಒಬ್ಬರೇ ನಿಂದರ್ಲಿ. ತಂದಿ ಫೋಟೋ ಅದೇನು?"

"ಲಗ್ನದ್ದದ," ಅಂದಳು ದೊಡ್ಡವ್ವ. "ನನ್ನ ಪೆಟ್ಟಿಗ್ಯಾಗ ಅದ. ಕಳಸ್ತೀನಿ."

ತನ್ನ ಗಂಡ ಸವತಿಯನ್ನು ಮದುವೆಯಾದ ಫೋಟೊವನ್ನು ಇಷ್ಟು ವರ್ಷ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡವಳು ಅದನ್ನು ಕಳಿಸುತ್ತೇನೆ ಅಂದಳು, ಪರದೆಯಿಂದ ಪಕ್ಕಕ್ಕೆ ಸರಿದಳು. ನಾನು ತಾಯಿ ಮಗಳ ಫೋಟೊ ತೆಗೆದೆ. ಎಡಕ್ಕೆ ಒಬ್ಬ ಗಂಡಸು ಹಿಡಿಸುವಷ್ಟು ಜಾಗ ಬಿಟ್ಟು. ಹುಡುಗಿ ಮಾತ್ರ ಕ್ಯಾಮೆರಾ ಬಿಟ್ಟು ಪಕ್ಕಕ್ಕೇ ನೋಡುತ್ತಿದ್ದಳು. "ಇಲ್ಲಿ ನೋಡವ್ವಾ" ಅಂತ ಎಷ್ಟು ಸಲ ಅಂದೆನೋ.

ಈಗ ಕೋಟು.

ನಮ್ಮ ಸ್ಟುಡಿಯೋದ ಕಂಪ್ಯೂಟರಿನಲ್ಲಿ ತಲೆಯಿಲ್ಲದ ಒಂದು ಗಂಡು ಮೈ ಇದೆ. ನೀಲಿ ಕೋಟು, ಬಿಳಿ ಅಂಗಿ, ಕೆಂಪು ಟೈ. ಮಾಲಕರು ಯಾವ ಕಾಲದಲ್ಲೋ ಎಲ್ಲಿಂದಲೋ ತಂದದ್ದು. ಹೆಣ್ಣು ನೋಡಲು ಫೋಟೊ ಬೇಕಾದ ಹುಡುಗರಿಗೆ, ಕೋಟು ಇಲ್ಲದೆ ಸತ್ತ ಅಜ್ಜಂದಿರಿಗೆ, ಎಲ್ಲರಿಗೂ ಅದನ್ನೇ ತೊಡಿಸುತ್ತೇವೆ. ಆ ಮೈಯ ಒಂದು ಕೈ ಪಕ್ಕಕ್ಕೆ ಚಾಚಿದೆ, ಪಕ್ಕದಲ್ಲಿ ಹೆಂಡತಿಯನ್ನು ನಿಲ್ಲಿಸಿದರೆ ಸರಿಯಾಗಿ ಅವಳ ಭುಜದ ಮೇಲೆ ಕೂರುವ ಹಾಗೆ. ಬೆರಳಲ್ಲಿ ದಪ್ಪ ಹಸಿರು ಕಲ್ಲಿನ ಉಂಗುರ. ಮಾಲಕರಿಗೆ ಆ ಕೈ ಬಹಳ ಇಷ್ಟ. "ಕೈ ಇಟ್ಟಕೂಡ್ಲೇ ಫ್ಯಾಮಿಲಿ ಅನಸ್ತದ ನೋಡು" ಅನ್ನುತ್ತಾರೆ.

ಶಾಲೆಯ ಕೆಲಸ ಶುರುವಾಯಿತು. ಇಂಥ ಕೆಲಸದಲ್ಲಿ ಮುಖ ಕತ್ತರಿಸುವುದು ಸುಲಭ, ಕೂಡಿಸುವುದೇ ಕಷ್ಟ. ದೊಡ್ಡವ್ವ ಕಳಿಸಿದ ಲಗ್ನದ ಫೋಟೊದಲ್ಲಿ ವರನ ಹಣೆಗೆ ಬಾಸಿಂಗ ಕಟ್ಟಿತ್ತು. ಅಂದರೆ ಹಣೆಯೇ ಇಲ್ಲ. ಕೆನ್ನೆಯ ಚರ್ಮವನ್ನು ನಕಲು ಮಾಡಿ, ಚೂರು ಚೂರಾಗಿ ಮೇಲಕ್ಕೆ ಹಚ್ಚಿ, ಇಲ್ಲದ ಹಣೆಯೊಂದನ್ನು ಕಟ್ಟಿದೆ. ಅರಿಶಿನದ ಹಳದಿ ತೆಗೆದೆ. ಬಾಸಿಂಗದ ದಾರ ಕಿವಿಯ ಹತ್ತಿರ ಉಳಿದಿತ್ತು, ಒರೆಸಿದೆ. ನಮ್ಮ ಲೈಟು ಬಲದಿಂದ ಬಿದ್ದಿತ್ತು, ಲಗ್ನದ ಫೋಟೊದಲ್ಲಿ ಬೆಳಕು ಎಡದಿಂದ. ನೆರಳು ಹೊಂದಲಿ ಅಂತ ಮುಖವನ್ನೇ ಕನ್ನಡಿಯ ಹಾಗೆ ತಿರುಗಿಸಿದೆ. ಕೊರಳಿಗೂ ಕಾಲರಿಗೂ ನಡುವೆ ತೆಳ್ಳಗೆ ನೆರಳು ಎಳೆದೆ. ಹಸಿರು ಉಂಗುರದ ಕೈಯನ್ನು ಚಿಕ್ಕಾಕೆಯ ಭುಜದ ಮೇಲೆ ಇಟ್ಟೆ. ಎದ್ದು ದೂರ ನಿಂತು ನೋಡಿದೆ. ಗುರುತು ಸಿಗದಷ್ಟು ಚೆನ್ನಾಗಿ ಬಂದಿತ್ತು. ಬಿಟ್ಟು ಹೋದವನನ್ನು ನಾನೇ ಕೈ ಹಿಡಿದು ಒಳಗೆ ಕರೆತಂದು, ದಿನಾ ಇರುವವಳನ್ನು ಹೊರಗೆ ಹಾಕಿದ್ದೆ. ಯಂತ್ರದ ಭಾಗ ಕಳೆದುಹೋಗಿದ್ದರೂ ಯಂತ್ರ ಪೂರ್ತಿ ಕಾಣಬೇಕು. ಅಷ್ಟೇ ಆ ಮ್ಯಾನೇಜರನ ಬೇಡಿಕೆ.

ಮಾಲಕರು ಉಳಿದವನ್ನು ತಾವೇ ಕೂತು ಮಾಡುತ್ತಿದ್ದರು. ಅವರ ಕೈ ಬೇಗ. ಮುಖ ಇಟ್ಟು, ಕೋಟು ಹಾಕಿ, ಮುಂದಿನದು.

ಹೀಗಿರುವಾಗ ಒಂದು ಮಧ್ಯಾಹ್ನ ಮಾಮು ಬಂದರು. ಕಮಲಾಪುರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವರು, ತಾಮ್ರದ ವೈರು ಕೊಳ್ಳಲು ಸ್ಟೇಶನ್ ಬಜಾರಕ್ಕೆ ಬರುತ್ತಿರುತ್ತಾರೆ. ಅಕ್ಕ ತೀರಿಹೋದ ಮೇಲೆ ಅವಳ ಇಬ್ಬರು ಗಂಡುಮಕ್ಕಳನ್ನು ತಾವೇ ಇಟ್ಟುಕೊಂಡು ಬೆಳೆಸುತ್ತಿದ್ದಾರೆ, ಮದುವೆಯಾಗಿಲ್ಲ. ಅಪ್ಪನ ಜಾಗದಲ್ಲಿ ಮ್ಯಾನೇಜರ್ ಅವರನ್ನೇ ನಿಲ್ಲಿಸಿ ಫೋಟೊ ತೆಗೆಸಿದ್ದರು. ಹುಡುಗರು ಮಾಮು ಅನ್ನುತ್ತಾರೆ ಅಂತ ಫೋಟೊ ತೆಗೆದ ದಿನ ನಾವೆಲ್ಲರೂ ಮಾಮು ಅಂದಿದ್ದೆವು. ಅಕ್ಕನ ಫೋಟೊವನ್ನು ಅವರೇ ಕಳಿಸಿದ್ದರು, ಹುಡುಗರ ತಲೆಯ ಮೇಲೆ ಮೂಲೆಯಲ್ಲಿ ಸಣ್ಣದಾಗಿ ಹಾಕುತ್ತಾರೆ ಅಂದುಕೊಂಡು.

"ನಮ್ಮ ಹುಡುಗರ ಫೋಟೋ ಆಯ್ತೇನು ಬೇಟಿ?"

ಅದನ್ನು ಮಾಡಿದ್ದು ಮಾಲಕರು. ಹೆಮ್ಮೆಯಿಂದ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದರು. ಮಾಮುವಿನ ಸಾದಾ ಅಂಗಿ ಮಾಯವಾಗಿತ್ತು. ನೀಲಿ ಕೋಟು. ಕೆಂಪು ಟೈ.

ಮಾಮು ಜೋರಾಗಿ ನಕ್ಕರು. "ಅರೆ ವಾಹ್! ನನಗ ಕೋಟ್ ಹಾಕ್ಸಿ ದೂಲ್ಹಾ ಮಾಡೀರಲ್ರಿ! ಇಷ್ಟು ವರ್ಷ ಯಾರೂ ಹೆಣ್ಣು ಕೊಡ್ಲಿಲ್ಲ, ನಿಮ್ಮ ಕಂಪ್ಯೂಟರ್ ಲಗ್ನಾನೂ ಮಾಡಿಬಿಡ್ತು! ದುಲ್ಹನ್ ಯಾರು..."

ಅಂದವರು ಕನ್ನಡಕ ಏರಿಸಿ ಬಗ್ಗಿದರು. ಹಸಿರು ಉಂಗುರದ ಕೈ ಇದ್ದ ಭುಜ ಯಾರದ್ದು ಅಂತ ನೋಡಿದರು. ನಗು ಅರ್ಧಕ್ಕೇ ನಿಂತಿತು.

"ಇಕಿ ನಮ್ಮ ಆಪಾ ಅದಾಳ," ಅಂದರು. "ನಮ್ಮ ಅಕ್ಕ. ಮಣ್ಣಾಗ ಹೋದಾಕಿನ ತಂದು... ತೋಬಾ, ತೋಬಾ. ತಮ್ಮನ ಕೈ ಹಿಂಗ ಇಡ್ತಾರೇನು?"

ಮಾಲಕರು ಸಮಾಧಾನ ಮಾಡಲು ಹೋದರು. ಅವರು ಹೇಳಿದ ಸಮಾಧಾನ ಇದು: "ದೂರಿಂದ ಯಾರಿಗಿ ಗೊತ್ತಾಗ್ತದ ಭಾಯ್? ಗಂಡ ಹೆಂಡ್ತಿ ಅಂತೇ ಅನಸ್ತದ."

ನನಗೆ ಕುಡಿದ ಚಹಾ ಗಂಟಲಿಗೆ ಬಂತು, ನಿಜವಾಗಿ ಬಂತು. ಹಿಂದಿನ ಮೋರಿಗೆ ಹೋಗಿ ಉಗುಳಿ, ಬಾಯಿ ತೊಳೆದುಕೊಂಡು ಬರುವ ಹೊತ್ತಿಗೆ ಮಾಮು ಹೊರಟಿದ್ದರು. ತಾಮ್ರದ ವೈರಿನ ಸುರುಳಿಯನ್ನು ನಮ್ಮ ಸ್ಟೂಲಿನ ಮೇಲೇ ಮರೆತಿದ್ದರು. ಓಡಿ ಹೋಗಿ ಕೊಟ್ಟೆ. ನನ್ನ ಮುಖ ನೋಡದೆ ತೆಗೆದುಕೊಂಡು ಆಟೋ ಹತ್ತಿದರು.

ಹಿಂದಿರುಗಿ ಬಂದಾಗ ಮಾಲಕರು ಅಂದರು: "ಕೈ ಒಂದು ತೆಗದರಾಯ್ತು ಬಿಡು. ಅದಕ್ಕ್ಯಾಕ ಇಷ್ಟು."

ಅದಕ್ಕೇ ಇಷ್ಟು. ಆದರೆ ಆಗ ನಾನು ಏನೂ ಅನ್ನಲಿಲ್ಲ. ಕೆಲಸ ಬಿಟ್ಟರೆ ಆ ಕಂಪ್ಯೂಟರೂ ಇಲ್ಲ, ಕ್ಯಾಮೆರಾವೂ ಇಲ್ಲ. ಮುಂದಿನ ಫೋಟೊ ತೆರೆದೆ.

ಬಾಯಿ ಬಿಡಿಸಿದ್ದು ದೊಡ್ಡವ್ವ. ಪ್ರಿಂಟು ಹಾಕುವ ಮೊದಲಿನ ದಿನ, ಕಮಲಾಪುರದಿಂದ ಬಸ್ಸಿಗೆ ಬಂದು ನಮ್ಮ ಹತ್ತಿರದ ಖಾನಾವಳಿಗೆ ರೊಟ್ಟಿ ಕೊಟ್ಟು, ಖಾಲಿ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಸ್ಟುಡಿಯೋದ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಾ ಅಂದರೂ ಹಿಟ್ಟಿನ ಬುಟ್ಟಿ ಅಂತ ಬರಲಿಲ್ಲ.

"ತಂಗಿ, ಫೋಟೋ ನೋಡಬಹುದೇನು?"

ತೋರಿಸಿದೆ. ಬಾಗಿಲಿನಿಂದಲೇ ಕತ್ತು ಉದ್ದ ಮಾಡಿ ನೋಡಿದಳು.

"ಅಯ್ಯ! ಆ ಮಚ್ಚಿ ಈ ಗಲ್ಲಕ್ಕಿತ್ತು, ಆ ಗಲ್ಲಕ್ಕ ಹೋಗ್ಯಾದಲ್ಲ." ನಾನು ಮುಖ ತಿರುಗಿಸಿದಾಗ ಮಚ್ಚೆಯೂ ತಿರುಗಿತ್ತು. ನನಗೆ ಹೊಳೆದೇ ಇರಲಿಲ್ಲ. ದೊಡ್ಡವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ಹೋಗ್ಲಿ ಬಿಡು. ಇದ್ದ ಜಾಗದಾಗ ಇರಾಂವಲ್ಲ ಅವ. ಮಚ್ಚೀನೂ ಹಂಗೇ."

ನಾನೂ ನಕ್ಕೆ. ಆಮೇಲೆ ಅವಳ ದನಿ ಇಳಿಯಿತು.

"ನನ್ನ ಫೋಟೋ ಗ್ವಾಡಿಗಿ ಹಾಕು ಅಂತ ಕೇಳ್ಲಾಕ ಬಂದಿಲ್ಲ ತಂಗಿ. ಆ ಕಾರ್ಡಿಂದು ಕೇಳ್ಬೇಕಾಗಿತ್ತು. ಕಾರ್ಡಿನ್ಯಾಗೂ ಇದೇ ಬರ್ತದಂತಲ್ಲ?"

"ಹೂಂ ದೊಡ್ಡವ್ವ."

"ಅಕಿ ಮಿಲ್ಲಿಂದ ಬರೋದು ಕತ್ತಲಾದ ಮ್ಯಾಲ. ಇವ ಅಂತೂ ಹೈದರಾಬಾದಿನ್ಯಾಗ ಅದಾನ. ಕಾರ್ಡು ಬಂದಮ್ಯಾಲ ನಾ ಗೇಟಿಗಿ ಹೋದ್ರ ಕೂಸಿಗಿ ನನ್ನ ಕೈಗಿ ಕೊಡಂಗಿಲ್ಲಂತ ವಾಚ್‌ಮನ್ ಹೇಳ್ಯಾನ. ಹಂಗಾದ್ರ ಕೂಸು ಯಾರ ಕೂಡ ಮನಿಗಿ ಬರಬೇಕವ್ವ?"

ಈ ಪ್ರಶ್ನೆ ಕೇಳುವವರೆಗೆ ನನ್ನ ತಲೆಗೆ ಅದು ಹೋಗಿರಲಿಲ್ಲ ನೋಡಿ. ನಾನು ಹಣೆ ಕಟ್ಟುತ್ತಾ ಕೂತಿದ್ದೆ. ನಾನು ಕಟ್ಟಿದ ಹಣೆಯವನಿಗೆ ಈ ಹುಡುಗಿಯನ್ನು ಶಾಲೆಯಿಂದ ಕರೆದುಕೊಂಡು ಹೋಗುವ ಹಕ್ಕು ಇತ್ತು, ಕಾರ್ಡಿನಲ್ಲಿ ಅವನ ಮುಖ ಇತ್ತು. ದಿನಾ ಬಿಸಿಲಲ್ಲಿ ಗೇಟಿಗೆ ಬಂದು ನಿಲ್ಲುವವಳಿಗೆ ಇರಲಿಲ್ಲ. ಕತ್ತಲಾಗುವವರೆಗೆ ಆ ಹುಡುಗಿ ಗೇಟಿನ ಒಳಗೆ, ದೊಡ್ಡವ್ವ ಗೇಟಿನ ಹೊರಗೆ.

"ಕೇಳಿದ್ರೇನು ಶಾಲ್ಯಾಗ?"

"ಕೇಳ್ದೆ. ನೀವು ಫ್ಯಾಮಿಲಿ ಅಲ್ಲ ಅಂದ್ರು."

ಅವಳು ಹೋದ ಮೇಲೆ ನಾನು ಮೊದಲ ದಿನದ ಫೋಟೊಗಳನ್ನೆಲ್ಲ ಮತ್ತೆ ತೆರೆದೆ. ಬೆಳಕಿನ ಪರೀಕ್ಷೆಗೆ ತೆಗೆದದ್ದು ಅಲ್ಲೇ ಇತ್ತು. ಒಂದು ಜಡೆ ದೊಡ್ಡವ್ವನ ಕೈಯಲ್ಲಿ, ಒಂದು ಅವ್ವನ ಕೈಯಲ್ಲಿ, ನಡುವೆ ಬಾಯಿ ತೆರೆದ ಹುಡುಗಿ. ಬಲಗಡೆ ಬೆಳಕು ಸ್ವಲ್ಪ ಹೆಚ್ಚಾಗಿತ್ತು, ಇಳಿಸಿದೆ. ಬೇರೆ ಏನನ್ನೂ ಮುಟ್ಟಲಿಲ್ಲ. ಮಾಮು ಮತ್ತು ಇಬ್ಬರು ಹುಡುಗರ ಮೂಲ ಫೋಟೊವನ್ನೂ ತೆಗೆದೆ, ಸಾದಾ ಅಂಗಿಯದ್ದು. ಮೂಲೆಯಲ್ಲಿ ಆಪಾಳ ಮುಖವನ್ನು ಗುಂಡಗೆ ಸಣ್ಣದಾಗಿ ಇಟ್ಟೆ, ಅವರು ಅಂದುಕೊಂಡಿದ್ದ ಹಾಗೆ. ಎರಡಕ್ಕೂ ಗೇಟ್ ಕಾರ್ಡ್ ಮಾಡಿದೆ. ಆಮೇಲೆ ಮಾಲಕರಿಗೆ ಹೇಳಿದೆ, ಕದ್ದು ಮಾಡುವ ಮನಸ್ಸಿರಲಿಲ್ಲ.

"ಹುಚ್ಚು ಹಿಡದದೇನು ನಿನಗ? ಅವರು ಕೇಳಿದ್ದು ಕೊಡೋದು ನಮ್ಮ ಕೆಲಸ. ಇದು ಫೋಟೋ ತಿದ್ದೋ ಅಂಗಡಿ, ಸಮಾಜ ತಿದ್ದೋ ಅಂಗಡಿ ಅಲ್ಲ."

"ನಾ ಎಲ್ಲಿ ತಿದ್ದೀನ್ರಿ? ಇದ್ದದ್ದು ಇದ್ದಂಗೇ ಬಿಟ್ಟೀನಿ. ತಿದ್ದಿದ್ದು ನೀವು."

ಅವರು ಎರಡೂ ಕಾರ್ಡು ಎತ್ತಿಕೊಂಡು ನೋಡಿದರು. ಮಾಮು ಹಾಗೆ ಎದ್ದು ಹೋದದ್ದು ಅವರಿಗೂ ಎಲ್ಲೋ ಚುಚ್ಚಿತ್ತು ಅಂತ ನನ್ನ ಅನುಮಾನ, ಒಪ್ಪಿಕೊಳ್ಳುವ ಜನ ಅಲ್ಲ. ಕೊನೆಗೆ, "ನೀನೇ ಒಯ್ದು ಕೊಡು ಹಂಗಾರ. ಬೈಗಳ ನೀನೇ ತಿನ್ನು" ಅಂದರು.

ಒಯ್ದೆ. ಕಮಲಾಪುರದ ಬಸ್ಸಿನಲ್ಲಿ ಫ್ರೇಮುಗಳ ಡಬ್ಬವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಆ ದಿನ ಶಾಲೆಯಲ್ಲಿ ಪಾಲಕರ ಸಭೆ. ಗೋಡೆಗೆ ಹಾಕುವ ಮೊದಲು ಪಾಲಕರು ನೋಡಲಿ ಅಂತ ಮ್ಯಾನೇಜರ್ ಫ್ರೇಮುಗಳನ್ನೆಲ್ಲ ಉದ್ದ ಮೇಜಿನ ಮೇಲೆ ಸಾಲಾಗಿ ಇಡಿಸಿದರು. ನಾವು ಸ್ಟುಡಿಯೋದಲ್ಲಿ ಒಂದೊಂದಾಗಿ ಮಾಡಿದ್ದೆವಲ್ಲ, ಎಲ್ಲವನ್ನೂ ಒಟ್ಟಿಗೆ ನೋಡಿದ್ದು ನಾನೂ ಆಗಲೇ.

ಮೊದಲು ಕಂಡದ್ದು ಒಬ್ಬ ವಿಧವೆಗೆ. ತನ್ನ ಫ್ರೇಮು ಎತ್ತಿಕೊಂಡವಳು ಪಕ್ಕದವಳ ಫ್ರೇಮಿಗೆ ಬಗ್ಗಿದಳು.

"ಏ ಇವಳ, ನಮ್ಮನಿಯವರ ಉಂಗುರ ನಿಮ್ಮನಿಯವರ ಕೈಯಾಗ ಹೆಂಗ ಬಂತ?"

"ಉಂಗುರ ಅಷ್ಟೇ ಏನು? ಕೋಟೂ ಅದೇ ಅದ ನೋಡು."

"ಟೈ ಸೈತ ಅದೇ!"

"ಅಯ್ಯ ಶಿವನೇ, ಈ ಕೋಟಿನಾಂವ ಊರಾಗಿನ ಎಲ್ಲಾ ಮನ್ಯಾಗೂ ಅದಾನಲ್ಲವ್ವಾ!"

ನಗು ಮೇಜಿನ ಆ ತುದಿಯಿಂದ ಈ ತುದಿಗೆ ಓಡಿತು. ತಲೆ ಬೇರೆ ಬೇರೆ, ಮೈ ಒಂದೇ, ಪ್ರತಿ ಹೆಂಗಸಿನ ಭುಜದ ಮೇಲೂ ಅದೇ ಹಸಿರು ಉಂಗುರದ ಕೈ. ನಗುತ್ತಿದ್ದವರಲ್ಲಿ ಒಬ್ಬಳು ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮೊದಲು ಹೇಳಿದ ವಿಧವೆ ಫ್ರೇಮನ್ನು ಬೋರಲಾಗಿ ಮೇಜಿನ ಮೇಲೆ ಇಟ್ಟಳು. "ನಮ್ಮನಿಯವರು ಜಲ್ಮದಾಗ ಕೋಟು ಹಾಕಿದ್ದಿಲ್ಲ. ಇವ ಯಾರೋ ಏನೋ, ನನಗ ಮುಟ್ಟಿ ನಿಂತಾನ" ಅಂದಳು. ನಗು ನಿಂತುಹೋಯಿತು.

ಮ್ಯಾನೇಜರ್ ನನ್ನನ್ನು ಮೂಲೆಗೆ ಕರೆದರು. ಕಿವಿ ಕೆಂಪಾಗಿದ್ದವು. "ಏನಿದು ಅಸಹ್ಯ? ಬ್ಯಾರೆ ಬ್ಯಾರೆ ಕೋಟು ಹಾಕ್ಲಿಕ್ಕಿ ಬರ್ತಿದ್ದಿಲ್ಲೇನು?"

ಅಸಹ್ಯ ಅಂದದ್ದು ಕೋಟು ಒಂದೇ ಅಂತ! ನಾನು ನೆಟ್ಟಗೆ ನಿಂತೆ. ಜೇಬಿನಿಂದ ದೊಡ್ಡವ್ವನ ಕಾರ್ಡು ತೆಗೆದು ಮುಂದೆ ಹಿಡಿದೆ.

"ಕೋಟು ಬ್ಯಾರೆ ಮಾಡಬಹುದ್ರಿ ಸರ್. ಆದ್ರ ನಾಳಿ ಶಾಲಿ ಬಿಟ್ಟಾಗ ಆ ಕೋಟು ಗೇಟಿಗಿ ಬರ್ತದೇನ್ರಿ? ಈ ಹುಡುಗಿಗಿ ಕರಕೊಂಡ ಹೋಗ್ಲಿಕ್ಕಿ ದಿನಾ ಬರಾಕಿ ಇಕಿ. ಇಕಿ ಕಾರ್ಡಿನ್ಯಾಗ ಇಲ್ಲಂದ್ರ ಹುಡುಗಿ ಕತ್ತಲಾಗತನ ನಿಮ್ಮ ವಾಚ್‌ಮನ್ ಕೂಡ ಕೂಡಬೇಕಾಗ್ತದ. ಜವಾಬ್ದಾರಿ ಯಾರದು?"

ಜವಾಬ್ದಾರಿ ಅನ್ನುವುದು ಅವರದೇ ಶಬ್ದ. ಅದು ತಾಗಿತು. ಹಿಂದೆ ಮಾಮು ಬಂದು ನಿಂತದ್ದು ನನಗೆ ಗೊತ್ತಿರಲಿಲ್ಲ. "ನಂದೂ ಹಂಗೇ ಮಾಡ್ರಿ ಸಾಹೇಬ್," ಅಂದರು. "ನಾ ಇದ್ದಂಗೇ ಇರ್ತೀನಿ. ಕೋಟು ನೀವೇ ಹಾಕ್ಕೋರಿ."

ಮಾಮುವಿನ ಕಾರ್ಡನ್ನೂ ಕೊಟ್ಟೆ. ಮ್ಯಾನೇಜರ್ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಸುತ್ತ ಹೆಂಗಸರು ನೋಡುತ್ತಿದ್ದರು. ಕೊನೆಗೆ ಎರಡಕ್ಕೂ ಸಹಿ ಹಾಕಿದರು, ಮೊಹರು ಒತ್ತಿದರು. ನಾನು ಉಸಿರು ಬಿಡುವಷ್ಟರಲ್ಲಿ ಅಂದರು:

"ಕಾರ್ಡಿಗಿ ಇದು ನಡೀತದ. ಗೋಡಿಗಿ ಮಾತ್ರ ಮೊದಲಿಂದೇ ಹಾಕ್ರಿ. ಗೋಡಿ ಬ್ಯಾರೆ, ಗೇಟ್ ಬ್ಯಾರೆ. ಹೊರಗಿನವರು ಬಂದು ನೋಡ್ತಾರ."

ಅಂದರೆ, ಮಗುವನ್ನು ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗಲು ದೊಡ್ಡವ್ವ ಬೇಕು, ನೋಡಲಿಕ್ಕೆ ಮಾತ್ರ ಕೋಟಿನವನು. ಮೊದಲು ಆದದ್ದು ಸಿಟ್ಟಾದರೆ ಇದು ಸಿಟ್ಟಲ್ಲ, ತಿನ್ನುವಾಗ ಬಾಯಿಗೆ ಕೂದಲು ಸಿಕ್ಕ ಹಾಗೆ. ಮಾಮು ತಮ್ಮ ಫ್ರೇಮನ್ನು ಗೋಡೆಗೆ ಕೊಡಲೇ ಇಲ್ಲ, ಹಳೆಯ ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಆ ವಿಧವೆಯೂ ಕೊಡಲಿಲ್ಲ. ಉಳಿದವರು ಕೊಟ್ಟರು. ಹೊಸ ಸ್ಟುಡಿಯೋದವರನ್ನು ಕರೆಸಿ ಬೇರೆ ಬೇರೆ ಬಣ್ಣದ ಕೋಟು ಹಾಕಿಸಿದರು ಅಂತ ಆಮೇಲೆ ಕೇಳಿದೆ.

ಆ ಸಂಜೆ ಶಾಲೆ ಬಿಡುವವರೆಗೆ ನಾನು ಗೇಟಿನ ಹೊರಗೆ ದೊಡ್ಡವ್ವನ ಜೊತೆ ನಿಂತೆ. ಕಾರ್ಡು ಕೈಗೆ ಕೊಟ್ಟು ಗೋಡೆಯ ವಿಷಯ ಹೇಳಿದೆ.

"ಗ್ವಾಡಿ ಮ್ಯಾಲ ಇರ್ಲಿ ಬಿಡು ಅವ. ಅವಗ ಅದೊಂದೇ ಜಾಗಾ ಉಳದದ."

ಗಂಟೆ ಹೊಡೆಯಿತು. ವಾಚ್‌ಮನ್ ಒಬ್ಬೊಬ್ಬರ ಕಾರ್ಡು ನೋಡಿ ಮಕ್ಕಳನ್ನು ಬಿಡುತ್ತಿದ್ದ. ದೊಡ್ಡವ್ವ ಸೆರಗಿಗೆ ಕೈ ಒರೆಸಿಕೊಂಡು ಕಾರ್ಡು ಮುಂದೆ ಹಿಡಿದಳು. ಅವನು ದಿನಾ ಅವಳನ್ನು ನೋಡುವವನು, ಆದರೂ ಕಾರ್ಡು ನೋಡಿದ, ಮುಖ ನೋಡಿದ, ಮತ್ತೆ ಕಾರ್ಡು ನೋಡಿದ. "ಹೂಂ, ನೀವೇ ಅದೀರಿ" ಅಂದ. ಹುಡುಗಿ ಓಡಿ ಬಂದು ಪಾಟಿಚೀಲವನ್ನು ದೊಡ್ಡವ್ವನ ಕೈಗೆ ಎಸೆದು, "ಹಸಿವಾಗ್ಯಾದ" ಅಂದಳು. ಅಷ್ಟೇ. ಇಬ್ಬರೂ ತಿರುಗಿ ನೋಡದೆ ಹೋದರು.

ಸ್ಟುಡಿಯೋಗೆ ಬಂದು ನೀಲಿ ಕೋಟನ್ನು ಕಂಪ್ಯೂಟರಿನಿಂದ ಅಳಿಸಿದೆ. ಮರುದಿನ ನೋಡಿದರೆ ಮತ್ತೆ ಇತ್ತು. ಮಾಲಕರ ಪೆನ್‌ಡ್ರೈವಿನಲ್ಲಿ ಇನ್ನೊಂದು ಇತ್ತಂತೆ. ಇವತ್ತು ಬೆಳಿಗ್ಗೆ ಕೂಡ ಯಾರಿಗೋ ತೊಡಿಸಿದ್ದಾರೆ.

ಈಗ ನೀವು ಎದ್ದು ನಿಮ್ಮ ಮನೆಯ ಗೋಡೆಯ ಮೇಲಿನ ಫೋಟೊ ಒಮ್ಮೆ ನೋಡಿ. ಕ್ಲಿಕ್ ಆಗುವ ಮೊದಲು "ನೀವು ಸ್ವಲ್ಪ ಆ ಕಡಿ ನಿಂದರ್ರಿ" ಅಂತ ಅಲ್ಲಿ ಯಾರಿಗೆ ಅಂದಿದ್ದರು? ನಿಮ್ಮನ್ನು ಶಾಲೆಯ ಗೇಟಿನಿಂದ ದಿನಾ ಕರೆತಂದವರು ಆ ಫೋಟೊದಲ್ಲಿ ಇದ್ದಾರೆಯೇ? ಇಲ್ಲದಿದ್ದರೆ ಅವರು ಯಾರು, ನೀವು ಅವರನ್ನು ಏನಂತ ಕರೆಯುತ್ತಿದ್ದಿರಿ, ಕೆಳಗೆ ಬರೆಯಿರಿ. ಎರಡು ಸಾಲಾದರೂ ಸಾಕು, ಓದುತ್ತೇನೆ.